ವಿಮಾನಯಾನ ಮತ್ತು ಸಹಯಾತ್ರಿಕ ಧರ್ಮ

ಮಹಾಪಾಪಗಳನ್ನು ಗುರುತಿಸುವುದು ಕಷ್ಟವಲ್ಲ. ಕೊಲೆ, ಕಳವು, ವಂಚನೆ ಎಂಬ ಹೆಸರು ಕೇಳಿದೊಡನೆಯೇ ಸಾಮಾನ್ಯ ಗೃಹಸ್ಥನ ಮನಸ್ಸು ಹಿಂಜರಿಯುತ್ತದೆ. ಆದರೆ ದಿನನಿತ್ಯದ ವ್ಯವಹಾರದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಆಗುವ ಸಣ್ಣಪುಟ್ಟ ನೋವುಗಳು ಯಾವ ಲೆಕ್ಕಕ್ಕೂ ಸೇರದೆ ಹೋಗುತ್ತವೆ. ಪಕ್ಕದವನಿಗೆ ತಾಗುವ ಮೊಣಕೈ, ಹಿಂದಿನವನ ಮೊಣಕಾಲನ್ನು ಒತ್ತುವ ಆಸನ, ಇನ್ನೊಬ್ಬರ ಜಾಗದಲ್ಲಿ ತುರುಕಿದ ಚೀಲ, ಇವೆಲ್ಲ ಕೇವಲ ಶಿಷ್ಟಾಚಾರದ ಮಾತುಗಳೇ, ಅಥವಾ ಧರ್ಮಾಧರ್ಮ ವಿವೇಚನೆಯ ವ್ಯಾಪ್ತಿಗೆ ಬರತಕ್ಕವೇ? ಅಪರಿಚಿತರು ಇಕ್ಕಟ್ಟಾದ ಜಾಗದಲ್ಲಿ ಗಂಟೆಗಟ್ಟಲೆ ಒಟ್ಟಿಗೆ ಕೂಡಬೇಕಾದ ವಿಮಾನವು ಈ ಪ್ರಶ್ನೆಯನ್ನು ವಿಚಾರಿಸಲು ತಕ್ಕ ಸ್ಥಳವಾಗಿದೆ.

ಹೊಸಪೇಟೆ, ಸಂಡೂರು, ಕಂಪ್ಲಿಗಳ ಬಹುಪಾಲು ಜನರಿಗೆ ವಿಮಾನವೆಂಬುದು ದೂರದ ಮಹಾನಗರಕ್ಕೆ ಹೋಗಿ ಏರಬೇಕಾದ ವಾಹನವಾಗಿತ್ತು. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಅಗತ್ಯಕ್ಕಾಗಿ ನಿರ್ಮಾಣವಾದ ವಿದ್ಯಾನಗರ ವಿಮಾನ ನಿಲ್ದಾಣದಿಂದ 2017ರಲ್ಲಿ ಕೇಂದ್ರ ಸರ್ಕಾರದ 'ಉಡಾನ್' ಯೋಜನೆಯಡಿ ಹೈದರಾಬಾದಿಗೆ ವಿಮಾನ ಸಂಚಾರ ಆರಂಭವಾಯಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ, ಅರ್ಧದಷ್ಟು ಆಸನಗಳ ಮಟ್ಟಿಗೆ, 2,500 ರೂಪಾಯಿಗಳ ಮಿತಿಯನ್ನು ಆ ಯೋಜನೆ ಅಂದು ಗೊತ್ತುಪಡಿಸಿತ್ತು. ಇದರಿಂದ ಹಂಪಿಯನ್ನು ನೋಡಲು ಬಂದ ಪ್ರವಾಸಿಗನೂ, ಕಾರ್ಖಾನೆಯ ಅಧಿಕಾರಿಯೂ, ಪರಊರಿನಲ್ಲಿ ನೌಕರಿಯಲ್ಲಿರುವ ಮಗನನ್ನು ಕಾಣಲು ಹೊರಟ ಕಂಪ್ಲಿಯ ರೈತನ ಪತ್ನಿಯೂ ಒಂದೇ ಸಾಲಿನಲ್ಲಿ ಕೂಡುವ ಸಂದರ್ಭ ಒದಗಿತು. ನೂರು ಸಲ ಹಾರಿದವರೂ ಮೊದಲನೆಯ ಸಲ ಹಾರುವವರೂ ಪಕ್ಕಪಕ್ಕಕ್ಕೆ ಬಂದರು. ಈ ಸಾಮೀಪ್ಯದಲ್ಲಿಯೇ ವಿಮಾನಯಾನದ ಕಿರಿಕಿರಿಗಳೂ ಅವುಗಳ ಹಿಂದಿನ ನೈತಿಕ ಪ್ರಶ್ನೆಯೂ ಅಡಗಿವೆ.

ಇಂಥ ಸಣ್ಣ ನಿಲ್ದಾಣಗಳಿಗೆ ಹೆಚ್ಚಾಗಿ ಬರುವ ಎ.ಟಿ.ಆರ್. 72 ಎಂಬ ವಿಮಾನದಲ್ಲಿ ಸುಮಾರು 70 ಆಸನಗಳು. ನಡುವೆ ಒಂದು ಕಿರಿದಾದ ದಾರಿ, ಅತ್ತ ಇಬ್ಬರು, ಇತ್ತ ಇಬ್ಬರು. ಒಂದು ಆಸನದ ಅಗಲ 17–18 ಅಂಗುಲ. ಎರಡು ಆಸನಗಳ ನಡುವಿನ ತೋಳುಪಟ್ಟಿಯ ಮೇಲೆ ಎರಡು ತೋಳುಗಳು ಒಟ್ಟಿಗೆ ಹಿಡಿಯುವುದಿಲ್ಲ. ಕೈಚೀಲ 7 ಕಿಲೋ ಮೀರಬಾರದೆಂಬುದು ಸಾಮಾನ್ಯ ನಿಯಮವಾದರೂ ಮೊದಲು ಹತ್ತಿದವನು ತಲೆಯ ಮೇಲಿನ ಪೆಟ್ಟಿಗೆಯನ್ನು ತನ್ನ ಸಾಮಾನಿನಿಂದಲೇ ತುಂಬಿಬಿಟ್ಟರೆ ಕೊನೆಗೆ ಬಂದವನು ಚೀಲವನ್ನು ಕಾಲಿನ ಬಳಿ ಇಟ್ಟುಕೊಳ್ಳಬೇಕಾಗುತ್ತದೆ. ವಿಮಾನ ನೆಲ ಮುಟ್ಟಿದೊಡನೆಯೇ ಹಲವರು ಎದ್ದು ನಿಲ್ಲುತ್ತಾರೆ. ಈ ವಿಮಾನದ ಪ್ರಯಾಣಿಕರ ಬಾಗಿಲು ಹಿಂಭಾಗದಲ್ಲಿದೆ. ಮುಂದಿನ ಸಾಲಿನವರು ಎಷ್ಟೇ ಅವಸರದಿಂದ ಎದ್ದರೂ ಕೊನೆಗೇ ಇಳಿಯತಕ್ಕವರು. ಆದರೂ ಅವಸರ ಮಾತ್ರ ಎಲ್ಲರದೂ.

ಈ ಭಾಗದ ಬಸ್ಸುಗಳಲ್ಲಿ ಇಕ್ಕಟ್ಟು ಇದಕ್ಕಿಂತ ಹೆಚ್ಚು. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ಇಬ್ಬರ ಸೀಟಿನ ಮೇಲೆ ಮೂವರು ಕೂಡುವುದು ಅಪರೂಪವೇನಲ್ಲ. "ಸ್ವಲ್ಪ ಸರೀರಿ" ಎಂಬ ಒಂದು ಮಾತಿಗೆ ಜನ ಸರಿಯುತ್ತಾರೆ. ಸರಿದವರು ಅದನ್ನು ಉಪಕಾರವೆಂದು ಎಣಿಸುವುದೂ ಇಲ್ಲ. ಅದೇ ಮನುಷ್ಯ ವಿಮಾನದಲ್ಲಿ ಎರಡು ಅಂಗುಲದ ತೋಳುಪಟ್ಟಿಗಾಗಿ ಮುಖ ಗಂಟಿಕ್ಕಿಕೊಳ್ಳುತ್ತಾನೆ. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಬಸ್ಸಿನ ಸೀಟು ಯಾರದೂ ಅಲ್ಲ. ವಿಮಾನದ ಆಸನಕ್ಕೆ ಸಂಖ್ಯೆಯಿದೆ, ಅದಕ್ಕೆ ಬೆಲೆ ತೆತ್ತಿದ್ದಾಗಿದೆ. ಒಂದು ಗಂಟೆಯ ಮಟ್ಟಿಗೆ ದೊರೆತ ಜಾಗದ ಮೇಲೆಯೂ 'ನನ್ನದು' ಎಂಬ ಭಾವ ಬೇರು ಬಿಡುತ್ತದೆ. ಪರಿಗ್ರಹವೆಂಬುದು ಹೊಲ, ಮನೆ, ಚಿನ್ನಗಳಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಲ್ಲಿ ಒಂದು ತೊಡಕಿದೆ. ಹಿಂದಕ್ಕೆ ಬಾಗುವ ಆಸನವನ್ನು ಬಾಗಿಸುವ ಹಕ್ಕು ಕುಳಿತವನಿಗೆ ಉಂಟು. ಮೊಣಕಾಲು ಚಾಚುವಷ್ಟು ಜಾಗವನ್ನು ಬಯಸುವ ಹಕ್ಕು ಹಿಂದಿನವನಿಗೂ ಉಂಟು. ಹೊಸಪೇಟೆಯ ಜನ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಹುಕಾಲದಿಂದ ಕಂಡಿರುವ ನಡುವಿನ ಬರ್ತಿನ ಪ್ರಶ್ನೆಯೂ ಇದೇ. ರೈಲ್ವೆಯ ನಿಯಮ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಲಗುವ ವೇಳೆಯೆಂದು ಹೇಳುತ್ತದೆ. ಆದರೆ ಒಂಬತ್ತು ಗಂಟೆಗೇ ಜ್ವರದಿಂದ ನರಳುವ ಸಹಯಾತ್ರಿಕನಿಗೆ ಏನು ಮಾಡಬೇಕೆಂಬುದನ್ನು ನಿಯಮ ಹೇಳುವುದಿಲ್ಲ. ಇಬ್ಬರ ಹಕ್ಕುಗಳೂ ನ್ಯಾಯವಾಗಿರುವಾಗ ನಿಯಮಪುಸ್ತಕ ಮೌನವಾಗುತ್ತದೆ. ಆಗ ಹಿಂದಿರುಗಿ ನೋಡಿ ಕೇಳುವುದು, ಮೆಲ್ಲನೆ ಬಾಗಿಸುವುದು, ಊಟದ ಹೊತ್ತಿನಲ್ಲಿ ನೆಟ್ಟಗೆ ಮಾಡುವುದು, ಇವೇ ಧರ್ಮವಾಗುತ್ತವೆ.

ಆದರೆ ವಿಚಾರಶೀಲರು ಹೆಚ್ಚಾಗಿ ಗಮನಿಸಬೇಕಾದ ವಿಷಯ ಬೇರೊಂದಿದೆ. ವಿಮಾನದಲ್ಲಿ ಎರಡು ಬಗೆಯ ದೋಷಗಳು ಕಂಡುಬರುತ್ತವೆ. ಸೊಂಟಪಟ್ಟಿ ಹಾಕಿಕೊಳ್ಳಲು ಬಾರದೆ ತಡಕಾಡುವುದು, ಬೇರೆಯವರ ಸಂಖ್ಯೆಯ ಆಸನದಲ್ಲಿ ಕೂತುಬಿಡುವುದು, ದಾರಿಯಲ್ಲಿ ನಿಂತು ಬುತ್ತಿಯ ಗಂಟನ್ನು ಸರಿಪಡಿಸುವುದು, ಇವು ಅರಿಯದವರ ತಪ್ಪುಗಳು. ಅವರನ್ನು ನೋಡಿ ನಿಟ್ಟುಸಿರು ಬಿಡುವುದು, ಪಕ್ಕದವನೊಡನೆ ಕಣ್ಸನ್ನೆಯಲ್ಲಿ ನಗುವುದು, 'ಎಂಥೆಂಥವರೆಲ್ಲ ಹತ್ತುತ್ತಾರೆ' ಎಂದು ಗೊಣಗುವುದು, ಇವು ಅರಿತವರ ತಪ್ಪುಗಳು. ಮೊದಲನೆಯದರಿಂದ ಎರಡು ನಿಮಿಷ ಹಾಳಾಗಬಹುದು. ಎರಡನೆಯದರಿಂದ ಒಂದು ಜೀವ ಇಡೀ ಪ್ರಯಾಣವನ್ನು ತಲೆತಗ್ಗಿಸಿ ಕಳೆಯುತ್ತದೆ. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾನವು ಇಲ್ಲಿ ಸಭ್ಯತೆಯ ವೇಷವನ್ನೇ ಧರಿಸಿ ಬರುತ್ತದೆ; ಆದ್ದರಿಂದಲೇ ಅದನ್ನು ಹಿಡಿಯುವುದು ಕಷ್ಟ. ಶಿಷ್ಟಾಚಾರವು ಅನ್ಯರ ಸುಖಕ್ಕಾಗಿ ಹುಟ್ಟಿದ್ದು. ಹಳಬನನ್ನು ಹೊಸಬನಿಂದ ಬೇರ್ಪಡಿಸುವ ಗೋಡೆಯಾಗಿ ಅದು ಬಳಕೆಯಾದಾಗ ತನ್ನ ಉದ್ದೇಶಕ್ಕೇ ದ್ರೋಹ ಬಗೆದಂತಾಗುತ್ತದೆ.

ಹಾಗಾದರೆ ಅರಿಯದವರು ಮಾಡಿದ್ದನ್ನೆಲ್ಲ ಸಹಿಸಬೇಕೇ ಎಂಬ ಆಕ್ಷೇಪ ಬರಬಹುದು. ಹಾಗಲ್ಲ. ವಿಮಾನ ಇನ್ನೂ ಚಲಿಸುತ್ತಿರುವಾಗ ಎದ್ದು ನಿಲ್ಲುವವನು ತನಗೂ ಇತರರಿಗೂ ಅಪಾಯ ತರುತ್ತಾನೆ, ಅವನಿಗೆ ಹೇಳಲೇಬೇಕು. ತಿಳಿದೂ ತಿಳಿದೂ ಮೊಬೈಲಿನ ಹಾಡನ್ನು ಎಲ್ಲರ ಕಿವಿಗೆ ಹಾಕುವವನ ಮುಂದೆ ಮೌನವಾಗಿರುವುದು ಕ್ಷಮೆಯಲ್ಲ, ಹಲವು ಸಲ ಅಂಜಿಕೆ. ಅವನಿಗೂ ಹೇಳಬೇಕು, ಕೇಳದಿದ್ದರೆ ಸಿಬ್ಬಂದಿಗೆ ತಿಳಿಸಬೇಕು. ಹೇಳುವ ಮಾತು ಹಿತವೂ ಮಿತವೂ ಪ್ರಿಯವೂ ಆಗಿರಬೇಕೆಂಬುದಷ್ಟೇ ನಿಬಂಧನೆ. ತಿಳಿವಳಿಕೆಯೂ ಸಿಟ್ಟನ್ನು ತಗ್ಗಿಸುತ್ತದೆ. ವಿಮಾನ ಕೆಳಗಿಳಿಯುವಾಗ ಒಳಗಿನ ಗಾಳಿಯ ಒತ್ತಡ ಏರುತ್ತದೆ. ದೊಡ್ಡವರು ಉಗುಳು ನುಂಗಿ ಕಿವಿಯನ್ನು ಹಗುರ ಮಾಡಿಕೊಳ್ಳುತ್ತಾರೆ, ಹಸುಗೂಸಿಗೆ ಆ ಉಪಾಯ ತಿಳಿಯದು. ಹಾಲು ಕುಡಿಸಿದರೆ ನುಂಗುವಿಕೆಯಿಂದ ನೋವು ಕಡಿಮೆಯಾಗಬಹುದು. ಇದನ್ನು ಬಲ್ಲವನಿಗೆ ಆ ಅಳು ಉಪದ್ರವವಾಗಿ ಕೇಳಿಸದೆ ವೇದನೆಯಾಗಿ ಕೇಳಿಸುತ್ತದೆ. ಗಾಬರಿಗೊಂಡ ತಾಯಿಗೆ ಅದನ್ನು ಮೆಲ್ಲನೆ ತಿಳಿಸಬಲ್ಲವನೂ ಅವನೇ.

ಶ್ರಾವಕ ಕುಟುಂಬಗಳಿಗೂ ಇಲ್ಲಿ ಒಂದು ಪರೀಕ್ಷೆಯಿದೆ. ಊಟ ಬಡಿಸುವ ದೀರ್ಘ ಪ್ರಯಾಣಗಳಲ್ಲಿ ಜೈನ ಆಹಾರವನ್ನು ಮುಂಚಿತವಾಗಿ ಕೇಳಿ ಪಡೆಯುವ ಅನುಕೂಲ ಹಲವು ವಿಮಾನಗಳಲ್ಲಿ ಉಂಟು. ಆದರೆ ಪಕ್ಕದವನ ತಟ್ಟೆ ಬೇರೆಯಾಗಿರುತ್ತದೆ. ಅದರ ವಾಸನೆ ಸಹಿಸದವರು ವಿನಯದಿಂದ ಆಸನ ಬದಲಿಸಿಕೊಡುವಂತೆ ಕೇಳಬಹುದು. ಆಸನ ಖಾಲಿಯಿಲ್ಲದಿದ್ದರೆ ಸಹಿಸಬೇಕು. ಮೂಗು ಮುಚ್ಚಿಕೊಂಡು ಅವನನ್ನು ನಾಚಿಸುವುದರಿಂದ ಪ್ರಾಣಿಗಂತೂ ಯಾವ ಉಪಕಾರವೂ ಆಗದು. ಪಕ್ಕದ ಮನುಷ್ಯನಿಗೆ ನೋವು ಮಾತ್ರ ಖಂಡಿತ.

ಹಂಪಿಯ ಸೀಮೆಯವರಿಗೆ ಈ ಮಾತು ಹೊಸದಲ್ಲ. ಮೊದಲನೆಯ ಬುಕ್ಕರಾಯನ ಕಾಲದಲ್ಲಿ, 1368ರಲ್ಲಿ, ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕಿನ ಸಂಬಂಧವಾಗಿ ಜೈನರಿಗೂ ವೈಷ್ಣವರಿಗೂ ವಿವಾದ ಉಂಟಾಯಿತು. ಆನೆಗೊಂದಿ ಮೊದಲಾದ ಊರುಗಳ ಜೈನರು ದೊರೆಗೆ ಮೊರೆಯಿಟ್ಟರು. ಶ್ರವಣಬೆಳಗೊಳದ ಶಾಸನ ತಿಳಿಸುವಂತೆ ಬುಕ್ಕರಾಯನು ಜೈನರ ಹಕ್ಕನ್ನು ಸ್ಥಿರಪಡಿಸಿದ. ಅಷ್ಟಕ್ಕೇ ನಿಲ್ಲದೆ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಜೈನರಿಗಾಗುವ ಹಾನಿವೃದ್ಧಿಗಳನ್ನು ತಮ್ಮದೆಂದೇ ಬಗೆಯುವಂತೆ ವಿಧಿಸಿದ. ಹಕ್ಕುಗಳ ನಿರ್ಣಯವೊಂದರಿಂದಲೇ ನೆರೆಹೊರೆ ಉಳಿಯದೆಂಬುದು ಆ ದೊರೆಗೆ ತಿಳಿದಿತ್ತು.

ಹೆಚ್ಚು ಬಲ್ಲವನ ಮೇಲೆಯೇ ಹೆಚ್ಚಿನ ಹೊಣೆಯಿದೆಯೆಂಬುದು ಇದರ ಸಾರ. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಎಚ್ಚರವಿರಬೇಕೆಂಬ ಆದಾನನಿಕ್ಷೇಪಣ ಸಮಿತಿಯು ಮುನಿಗಳಿಗೆ ವಿಧಿಸಿದ್ದು. ಗೃಹಸ್ಥನು ತನ್ನ ಚೀಲವನ್ನು ಮೇಲಿನ ಪೆಟ್ಟಿಗೆಯಲ್ಲಿ ಇಡುವ ಕ್ಷಣದಲ್ಲಾದರೂ ಅದನ್ನು ನೆನೆದು, ಇನ್ನೂ ಹತ್ತಬೇಕಾದವರ ಚೀಲಕ್ಕೆ ಸ್ಥಳ ಬಿಡಬಹುದು. ಆಮೇಲೆ ಪಕ್ಕದಲ್ಲಿ ಸೊಂಟಪಟ್ಟಿಯೊಡನೆ ತಡಕಾಡುತ್ತಿರುವ ವೃದ್ಧೆಗೆ ಅದನ್ನು ಹಾಕಿಕೊಳ್ಳುವ ಬಗೆಯನ್ನು, ಇತರರ ಗಮನಕ್ಕೆ ಬಾರದಂತೆ, ತೋರಿಸಿಕೊಡಬಹುದು.