ಕೃಪೆಯ ನೀರು

ಡಿಸೆಂಬರ್ 5 ವಿಶ್ವ ಮಣ್ಣಿನ ದಿನ. 2013ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಈ ತಾರೀಖು ಥಾಯ್ಲೆಂಡಿನ ದೊರೆ ಭೂಮಿಬೋಲ್ ಅವರ ಹುಟ್ಟುಹಬ್ಬ. ಹೆಸರಿನ ಮೂಲ ಸಂಸ್ಕೃತದ 'ಭೂಮಿಬಲ'. 1946ರಿಂದ 2016ರವರೆಗೆ, ಎಪ್ಪತ್ತು ವರ್ಷ ಪಟ್ಟದಲ್ಲಿದ್ದ ಅವರ ಎಷ್ಟೋ ಫೋಟೋಗಳಲ್ಲಿ ಕಿರೀಟವಿಲ್ಲ. ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ನಕಾಶೆ, ಎದುರಿಗೆ ನೆಲದ ಮೇಲೆ ಕೂತ ರೈತರು.

ಅವರು ಮಾಡಿಸಿದ ಕೆಲಸ ತೋರಿಕೆಯದಲ್ಲ. ಗುಡ್ಡಗಾಡಿನ ಜನ ಅಫೀಮು ಬಿಟ್ಟು ಹಣ್ಣು, ತರಕಾರಿ, ಕಾಫಿ ಬೆಳೆಯಲೆಂದು 1969ರಲ್ಲಿ ಒಂದು ಯೋಜನೆ ಶುರುವಾಯಿತು. 1982ರಲ್ಲಿ ಚಿಯಾಂಗ್ ಮಾಯ್ ಪ್ರಾಂತ್ಯದ ಹುವಾಯ್ ಹೊಂಗ್ ಖ್ರಾಯ್‌ನಲ್ಲಿ, ಮರ ಕಡಿದು ಬರಡಾಗಿದ್ದ ಕಾಡಿನಲ್ಲಿ ಒಂದು ಅಧ್ಯಯನ ಕೇಂದ್ರ ಬಂತು. ಅಲ್ಲಿನ ಉಪಾಯ ಸರಳ. ಹಳ್ಳಕ್ಕೆ ಅಲ್ಲಲ್ಲಿ ಸಣ್ಣ ತಡೆಗಟ್ಟೆ ಹಾಕಿದರೆ ನೀರು ನಿಧಾನಿಸಿ ಇಕ್ಕೆಲದ ಮಣ್ಣಿಗೆ ಇಂಗುತ್ತದೆ. ತೇವ ಉಳಿದ ಕಡೆ ಕಾಡು ತಾನಾಗಿ ಚಿಗುರುತ್ತದೆ, ಬೆಂಕಿಯೂ ಸುಲಭಕ್ಕೆ ಹಬ್ಬುವುದಿಲ್ಲ. ಸೌದೆಗೆ, ಹಣ್ಣಿಗೆ, ಮನೆಕಟ್ಟಲು ಬೇಕಾದ ಮೂರು ಬಗೆಯ ಮರ ನೆಟ್ಟರೆ ಮಣ್ಣು ನೀರಿನ ರಕ್ಷಣೆ ನಾಲ್ಕನೆಯ ಲಾಭ ಎಂಬುದು ದೊರೆಯ ಲೆಕ್ಕ.

ಇಷ್ಟು ಒಳ್ಳೆಯದಾದ ಮೇಲೆ ಅದು ಯಾರ ಕೈಯಿಂದ ಬಂತು ಎಂದು ಕೇಳಬೇಕೇ? ಬಾಯಾರಿದವನು ಕೊಡದ ಒಡೆಯ ಯಾರೆಂದು ವಿಚಾರಿಸುವುದಿಲ್ಲ. ಹೊಲಕ್ಕೆ ನೀರು ಬಂದವರ ಕೃತಜ್ಞತೆಯನ್ನು ಬರೀ ರಾಜಭಕ್ತಿ ಎಂದು ತಳ್ಳಿಹಾಕುವುದು ದೂರದಲ್ಲಿ ಕೂತವರ ಸೊಕ್ಕು. ಕಡತದಲ್ಲಿ ವರ್ಷಗಟ್ಟಲೆ ಮಲಗುವ ಕೆಲಸ ದೊರೆಯ ಒಂದು ಮಾತಿಗೆ ಎದ್ದು ನಿಲ್ಲುತ್ತಿತ್ತು ಎಂಬುದೂ ಸುಳ್ಳಲ್ಲ.

ಆದರೂ ಕೇಳಬೇಕು. ಕಾರಣ ನೀರು ಮತ್ತು ಮಣ್ಣಿನ ಸ್ವಭಾವದಲ್ಲೇ ಇದೆ. ತಡೆಗಟ್ಟೆಯಲ್ಲಿ ಹೂಳು ತುಂಬುತ್ತದೆ. ಮೇಲಿನವರಿಗೆ ನಿಂತ ನೀರು ಕೆಳಗಿನವರಿಗೆ ಕಡಿಮೆಯಾಗಬಹುದು. ಒಂದು ಗುಡ್ಡಕ್ಕೆ ಒಗ್ಗಿದ್ದು ಪಕ್ಕದ ಗುಡ್ಡಕ್ಕೆ ಒಗ್ಗಲಿಕ್ಕಿಲ್ಲ. 'ಇದು ಇಲ್ಲಿ ಸರಿಹೋಗಲಿಲ್ಲ' ಎಂದು ರೈತ ಹೇಳಿದಾಗಲೇ ಈ ಕೆಲಸ ತಿದ್ದಿಕೊಳ್ಳುವುದು. ಕೊಟ್ಟವನು ದೊರೆಯಾದಾಗ ಆ ಮಾತು ಗಂಟಲಲ್ಲೇ ಉಳಿಯುತ್ತದೆ. ಥಾಯ್ಲೆಂಡಿನ ದಂಡಸಂಹಿತೆಯ 112ನೇ ಕಲಮು ರಾಜನಿಂದನೆಗೆ 3ರಿಂದ 15 ವರ್ಷದ ಸಜೆ ಹೇಳುತ್ತದೆ. ತಡೆಗಟ್ಟೆಯ ತಪ್ಪು ಹೇಳುವುದು ನಿಂದನೆಯಲ್ಲ, ನಿಜ. ಆದರೆ ಗೆರೆ ಎಲ್ಲಿದೆಯೆಂದು ತಿಳಿಯದವನು ಗೆರೆಯ ಹತ್ತಿರ ಸುಳಿಯುವುದಿಲ್ಲ.

ದೊರೆಗೆ ಇದು ಗೊತ್ತಿತ್ತು. 2005ರ ಹುಟ್ಟುಹಬ್ಬದ ಭಾಷಣದಲ್ಲಿ, ತಾನೂ ತಪ್ಪು ಮಾಡಬಲ್ಲೆ, ತನ್ನನ್ನೂ ಟೀಕಿಸಬಹುದು ಎಂಬರ್ಥದ ಮಾತನ್ನು ಅವರೇ ಆಡಿದರು. ಕಾನೂನು ಹಾಗೇ ಉಳಿಯಿತು. ನನ್ನನ್ನು ಕಾಡುವುದು ಇದೇ: ಟೀಕಿಸುವ ಅನುಮತಿಯೂ ಇಲ್ಲಿ ಕೃಪೆಯಾಗಿಯೇ ಬಂತು. ಅನುಮತಿ ಕೊಟ್ಟವರು ಹಿಂತೆಗೆದುಕೊಳ್ಳಬಲ್ಲರು; ಹಕ್ಕು ಹಾಗಲ್ಲ.

ಕೃಪೆಗೆ ಇನ್ನೊಂದು ಗುಣವಿದೆ: ಹಲವರ ಅರಿವು ಒಬ್ಬರ ಹೆಸರಿಗೆ ಬೀಳುತ್ತದೆ. ಇಳಿಜಾರಿನ ಮಣ್ಣು ಹಿಡಿಯಲು ಲಾವಂಚ ನೆಡಿ ಎಂದು ಭೂಮಿಬೋಲ್ 1991ರಿಂದ ಪ್ರೋತ್ಸಾಹಿಸಿದರು. ಅವರಿಗೂ ಮುಂಚೆ, 1980ರ ದಶಕದಲ್ಲಿ, ವಿಶ್ವಬ್ಯಾಂಕಿನ ಕೃಷಿತಜ್ಞರು ಅದನ್ನು ಪ್ರಚಾರ ಮಾಡುತ್ತಿದ್ದರು. ಅವರು ತೋರಿಸುತ್ತಿದ್ದ ಉದಾಹರಣೆಗಳಲ್ಲಿ ನಮ್ಮ ಗುಂಡ್ಲುಪೇಟೆ ಸೀಮೆಯೂ ಒಂದು. ಅಲ್ಲಿನ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಲಾವಂಚ ನೆಡುತ್ತಿದ್ದರು. ಅವರ ಹೆಸರಲ್ಲಿ ಯಾವ ದಿನಾಚರಣೆಯೂ ಇಲ್ಲ. ಅವರಿಗದು ಬೇಕಾಗಿಯೂ ಇರಲಿಲ್ಲ. ಬದು ಅವರದೇ ಆಗಿತ್ತು, ಒಗ್ಗದಿದ್ದರೆ ಕಿತ್ತುಹಾಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಥಾಯ್ಲೆಂಡಿನ ಕಾಡಂಚಿನ ಹಳ್ಳಿಗಳು ಕೇಳಿದ್ದೂ ಇಂಥದ್ದನ್ನೇ. ಸ್ಥಳೀಯ ಸಂಪನ್ಮೂಲಗಳ ನಿರ್ವಹಣೆಯಲ್ಲಿ ಪಾಲ್ಗೊಳ್ಳುವ ಸಮುದಾಯಗಳ ಹಕ್ಕನ್ನು 1997ರ ಸಂವಿಧಾನ ಒಪ್ಪಿತು. ಸಮುದಾಯ ಅರಣ್ಯ ಕಾಯ್ದೆ ಬಂದದ್ದು 2019ರಲ್ಲಿ. ರಾಷ್ಟ್ರೀಯ ಉದ್ಯಾನದಂಥ ಸಂರಕ್ಷಿತ ಕಾಡುಗಳೊಳಗೆ ಅದು ಅನ್ವಯಿಸುವುದಿಲ್ಲ. ದೊರೆಯ ಮಾತಿಗೆ ಓಡುತ್ತಿದ್ದ ಅದೇ ಸರ್ಕಾರಿ ಯಂತ್ರಕ್ಕೆ ಜನರ ಮಾತು ಕೇಳಲು ಇಪ್ಪತ್ತೆರಡು ವರ್ಷ ಬೇಕಾಯಿತು.

ಒಳ್ಳೆಯ ದೊರೆಯ ನೀರು ನೀರೇ. ಅದನ್ನು ಕುಡಿದವರು ಕೈಮುಗಿದರೆ ತಪ್ಪಿಲ್ಲ. ಆದರೆ ದೊರೆ ಸಾಯುತ್ತಾನೆ, ಹೂಳು ಮಾತ್ರ ಪ್ರತಿ ಮಳೆಗಾಲವೂ ಬರುತ್ತದೆ. ಅದನ್ನು ಎತ್ತಬೇಕಾದವರಿಗೆ ಆ ಕಟ್ಟೆ ನಮ್ಮದು, ಬೇಕಿದ್ದರೆ ಒಡೆದು ಬೇರೆ ಕಟ್ಟುತ್ತೇವೆ ಎನ್ನುವ ಅಧಿಕಾರ ಸಿಕ್ಕಿತೇ? ಒಳ್ಳೆಯ ಆಳ್ವಿಕೆಯನ್ನು ಅಳೆಯಲು ಕಟ್ಟೆಗಳನ್ನು ಎಣಿಸುವುದಕ್ಕಿಂತ ಈ ಪ್ರಶ್ನೆ ಕೇಳುವುದು ಮೇಲು.