ಜೋಡು ಕೂಡಿಟ್ಟವನು, ಜೋಡು ಹೊಲಿಯುವವನು

ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿದವನು ನ್ಯಾಯ ಬಲ್ಲವನೇ? ಕಡತಗಳ ನಡುವೆಯೇ ದಿನ ಕಳೆಯುವ ನಮ್ಮಂಥವರಿಗೆ ಇದು ಕೇವಲ ಶಾಸ್ತ್ರಚರ್ಚೆಯಲ್ಲ.

ಸ್ಪೇನಿನ ಕಾರ್ಡೋಬಾದಲ್ಲಿ 1126ರಲ್ಲಿ ಹುಟ್ಟಿದ ಇಬ್ನ್ ರುಶ್ದ್ ಅರಿಸ್ಟಾಟಲನ ಭಾಷ್ಯಕಾರರೆಂದೇ ಪ್ರಸಿದ್ಧರು. ಆದರೆ ಅವರು ಸೆವಿಲ್, ಕಾರ್ಡೋಬಾಗಳಲ್ಲಿ ಖಾಜಿಯಾಗಿ ನ್ಯಾಯ ನುಡಿದವರೂ ಹೌದು. ತಮ್ಮ 'ಬಿದಾಯತುಲ್ ಮುಜ್ತಹಿದ್' ಗ್ರಂಥದಲ್ಲಿ ಅವರು ಕೊಡುವ ಹೋಲಿಕೆ ಮನಮುಟ್ಟುವಂಥದು: ತೀರ್ಪುಗಳನ್ನು ಕಂಠಸ್ಥ ಮಾಡಿದವನು ಜೋಡುಗಳನ್ನು ರಾಶಿ ಹಾಕಿಕೊಂಡವನಂತೆ. ಅವುಗಳಲ್ಲಿ ಯಾವುದೂ ಹಿಡಿಸದ ಕಾಲಿನವನು ಬಂದರೆ, ಹೊಲಿಯಬಲ್ಲವನೇ ಬೇಕು.

ಅದಕ್ಕೆಂದೇ ಅವರು ಪಂಡಿತರ ಮತಭೇದಗಳ ಜೊತೆಗೆ ಭೇದದ ಕಾರಣವನ್ನೂ ಬಿಡಿಸಿಟ್ಟರು. ವಿಚ್ಛೇದಿತೆ ಕಾಯಬೇಕಾದ ಅವಧಿಯನ್ನು ಹೇಳುವ ಕುರಾನಿನ ಒಂದು ಪದಕ್ಕೆ ಮುಟ್ಟು ಎಂದೂ ಮುಟ್ಟುಗಳ ನಡುವಣ ಶುದ್ಧಕಾಲವೆಂದೂ ಎರಡರ್ಥ. ಹಾಗಾಗಿ ಎರಡು ಮತ. ಕಾರಣ ತಿಳಿದಾಗ ಎದುರು ಪಕ್ಷದವನು ಮೂರ್ಖನಾಗಿ ಕಾಣುವುದಿಲ್ಲ.

1195ರಲ್ಲಿ ಅವರನ್ನು ಲುಸೆನಾಗೆ ಗಡಿಪಾರು ಮಾಡಿ, ಅವರ ತತ್ತ್ವಗ್ರಂಥಗಳನ್ನು ಸುಟ್ಟರು. 1198ರಲ್ಲಿ ಮರಾಕೇಶದಲ್ಲಿ ತೀರಿಕೊಂಡರು. ಅವರ ನ್ಯಾಯಗ್ರಂಥವನ್ನು ಇಂದಿಗೂ ಓದುತ್ತಾರೆ.

ನಿಯಮವೇ ಬೇಡವೆಂದಲ್ಲ, ಬರಿಗಾಲಲ್ಲಿ ಎಷ್ಟು ದೂರ ನಡೆದೇವು? ಆದರೆ 'ನಿಯಮದಲ್ಲಿ ಅವಕಾಶವಿಲ್ಲ' ಎಂದು ಬಡವನೊಬ್ಬನ ಅರ್ಜಿಯನ್ನು ಹಿಂದಿರುಗಿಸುವ ಮುನ್ನ, ಆ ನಿಯಮ ಯಾತಕ್ಕಾಗಿ ಹುಟ್ಟಿತೆಂದು ಕೇಳಿಕೊಳ್ಳುವ ಹೊಣೆ ನಮ್ಮದು.