ಮುಂದಿನ ಸಂಚಿಕೆ

ಒಂದು ಕಥೆ ಮೊದಲು ಯಾವ ಭಾಷೆಯಲ್ಲಿ ಕಿವಿಗೆ ಬಿತ್ತೋ, ಅದು ಆ ಭಾಷೆಯದೇ ಎಂದು ನಾವು ನಂಬಿಬಿಡುತ್ತೇವೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ?

ನಾನು ಹುಟ್ಟಿ ಬೆಳೆದದ್ದು ಜಹೀರಾಬಾದಿನಲ್ಲಿ. 1956ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಕಾಸರಗೋಡು ಕೇರಳಕ್ಕೆ ಸೇರಿದ ಅದೇ ನವೆಂಬರ್ 1ರಂದು ಇವು ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ಬೇರೆ ನುಡಿ ಎಂಬ ಬದುಕು ನಿಮಗೆ ಹೇಗೋ ನಮಗೂ ಹಾಗೆಯೇ.

ನಮ್ಮ ಮನೆಗೆ ಅಚ್ಚಿನ ಕನ್ನಡ ಬರುತ್ತಿದ್ದುದು ಬೀದರದ ರೈಲಿನಲ್ಲಿ, ಸೋದರಮಾವನ ಚೀಲದೊಳಗೆ, 'ಚಂದಮಾಮ'ದ ರೂಪದಲ್ಲಿ. 1970ರ ದಶಕದ ಕೊನೆಗೆ ಬಂದ ಭಲ್ಲೂಕ ಮಾಂತ್ರಿಕನ ಧಾರಾವಾಹಿಯನ್ನು ತಿಂಗಳು ತಿಂಗಳೂ ಕಾದು ಓದಿದೆ. ಆ ಮಾಂತ್ರಿಕರು, ವಿಚಿತ್ರ ಮೃಗಗಳು ಕನಸಿಗೂ ಬರುತ್ತಿದ್ದವು. ಕಥೆ ಅರ್ಧದಲ್ಲಿರುವಾಗ ಮಾವನಿಗೆ ರಾಯಚೂರಿಗೆ ವರ್ಗವಾಯಿತು. ಚಂದಮಾಮ ಬರುವುದು ನಿಂತಿತು. ಕಥೆಯ ಕೊನೆ ತಿಳಿಯದೆಯೇ ಶಾಲೆ ಮುಗಿಸಿದೆ, ತಾಂಡೂರಿನ ಕಲ್ಲಿನ ವ್ಯಾಪಾರದಲ್ಲಿ ಲೆಕ್ಕ ಬರೆದೆ, ಮಗಳ ಮದುವೆ ಮಾಡಿದೆ. ಪತ್ರಿಕೆಯೂ 1998ರಲ್ಲಿ ನಿಂತು, ಮರುವರ್ಷ ಎದ್ದು, ಕೆಲವು ವರ್ಷಗಳ ನಂತರ ಪೂರ್ತಿ ನಿಂತುಹೋಯಿತು.

ನಾಲ್ಕು ದಶಕಗಳ ಮೇಲೆ ಆ ಕಥೆ ತೆಲುಗು ಪುಸ್ತಕವಾಗಿ ಕೈಗೆ ಸಿಕ್ಕಿತು. ಒಂದೇ ರಾತ್ರಿಯಲ್ಲಿ ಓದಿದೆ. ಆದರೆ ಸಂತೋಷಕ್ಕಿಂತ ಮೊದಲು ಬಂದದ್ದು ಮುಜುಗರ. ನನ್ನ ಕನ್ನಡತನಕ್ಕೆ ಸಾಕ್ಷಿಯೆಂದು ಎದೆಗವಚಿಕೊಂಡಿದ್ದ ಕಥೆ ಮೂಲದಲ್ಲಿ ತೆಲುಗಿನದು. ಬರೆದವರು ದಾಸರಿ ಸುಬ್ರಹ್ಮಣ್ಯಂ. 1954ರ 'ತೋಕಚುಕ್ಕ'ದಿಂದ ತೊಡಗಿ ಎರಡು ದಶಕಕ್ಕೂ ಹೆಚ್ಚು ಕಾಲ ಇಂಥ ಧಾರಾವಾಹಿಗಳನ್ನು ಬರೆದರೂ ಪತ್ರಿಕೆಯಲ್ಲಿ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. 2010ರಲ್ಲಿ ಅವರು ತೀರಿಕೊಂಡರು. ಕನ್ನಡಕ್ಕೆ ತಂದವರ ಹೆಸರನ್ನೂ ನಾನು ಕಂಡ ನೆನಪಿಲ್ಲ. ನಿಮ್ಮ ನೆರೆಯ ಮಲಯಾಳಿ ಮಕ್ಕಳಿಗೆ ಇದೇ ಪತ್ರಿಕೆ 'ಅಂಬಿಳಿ ಅಮ್ಮಾವನ್' ಆಗಿತ್ತು. ಅವರೂ ಅದನ್ನು ತಮ್ಮದೆಂದೇ ತಿಳಿದಿರಬೇಕು. ತಪ್ಪು ಯಾರದೂ ಅಲ್ಲ. ಕಥೆಗೆ ಸೀಮೆಗಲ್ಲು ನೆಡಲಾಗದು.

ಹಾಗಾದರೆ ಯಾವ ಭಾಷೆಯಾದರೇನು ಎನ್ನಬಹುದೆ? ಎನ್ನಲಾರೆ. ಆ ಕಥೆ ತಾನಾಗಿ ಕನ್ನಡಕ್ಕೆ ನಡೆದು ಬರಲಿಲ್ಲ. ಎರಡೂ ಬಲ್ಲವರೊಬ್ಬರು ಕುಳಿತು ತಿಂಗಳು ತಿಂಗಳೂ ಹೊತ್ತು ತಂದರು. ಹೊರುವವರಿಲ್ಲದ ಮನೆಯಲ್ಲಿ ಕಥೆ ಸಾಯುವುದಿಲ್ಲ, ಅದು ಬೇರೆ ಮನೆಯಲ್ಲಿ ಬದುಕೀತು. ಸಾಯುವುದು ಆ ಮನೆಯ ಮಾತು. ನುಡಿಯ ಮೇಲಿನ ಹಕ್ಕು ಹಳೆಯ ಪಹಣಿಯಿಂದ ಬರುವುದಲ್ಲ, ದಿನದಿನದ ಈ ಹೊರೆಯಿಂದ ಬರುತ್ತದೆ.

ನನ್ನ ಮೊಮ್ಮಗಳು ತೆಲುಗು ಸರಾಗವಾಗಿ ಓದುತ್ತಾಳೆ. ಕನ್ನಡ ಅಕ್ಷರ ಅವಳಿಗೆ ಬಾರದು. ಪುಸ್ತಕವನ್ನು ಅವಳ ಕೈಗೆ ಕೊಡುವುದು ಸುಲಭವಿತ್ತು. ಕೊಡಲಿಲ್ಲ. ಕಣ್ಣಿನಲ್ಲಿ ತೆಲುಗು ಓದುತ್ತ ಬಾಯಲ್ಲಿ ನಮ್ಮ ಕನ್ನಡ ಹೇಳತೊಡಗಿದೆ. "ಮುತ್ಯಾ, ಮುಂದ?" ಎಂದಳು. "ನಾಳಿಗಿ" ಎಂದೆ. ಕಾಯುವ ರುಚಿ ಅವಳಿಗೂ ತಿಳಿಯಲಿ ಎಂಬ ಆಸೆ.

ಅವಳು ಕಾಯಲಿಲ್ಲ. ನಾನು ಮಲಗಿದ ಮೇಲೆ ಪುಸ್ತಕ ತೆಗೆದು ತಾನೇ ಓದಿ ಮುಗಿಸಿದ್ದಳು. ಮನಸ್ಸಿಗೆ ಕೊಂಚ ನೋವಾಯಿತು. ಸಂಜೆ ನೋಡಿದರೆ, ಜಗಲಿಯ ಮೇಲೆ ತಮ್ಮನನ್ನು ಕೂರಿಸಿಕೊಂಡು ಕಥೆಯ ಕೊನೆ ಹೇಳುತ್ತಿದ್ದಳು, ಕನ್ನಡದಲ್ಲಿ. ಅರ್ಧಕ್ಕರ್ಧ ತೆಲುಗು ಬೆರೆತಿತ್ತು. ನಾನು ತಿದ್ದಲು ಹೋಗಲಿಲ್ಲ.